ಗೆರೆಯಿಂದ ಒಂದು ಅಡಿ ಈಚೆಗೆ

ಪ್ರೀತಿಯ ಕಡ್ಡಿಗೆ,

ನಿನ್ನ ಭಾವ ಮಾಡುವ ಆಶೀರ್ವಾದಗಳು ಅಂತ ಶುರು ಮಾಡಿ ಹೊಡೆದು ಹಾಕಿದೆ. ಕಾಗದದ ಮೇಲ್ಗಡೆ ಆ ಗೀಟು ನಿನಗೂ ಕಾಣುತ್ತದೆ. ಇದನ್ನು ಓದಿ ಮುಗಿಸಿದ ಮೇಲೆ ನನ್ನ ಆಶೀರ್ವಾದ ನಿನಗೆ ಬೇಕೋ ಬೇಡವೋ ಗೊತ್ತಿಲ್ಲ. ಅದಕ್ಕೆ ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

ನಲವತ್ತಾರು ವರ್ಷದ ಮನುಷ್ಯನನ್ನು ಇನ್ನೂ ಕಡ್ಡಿ ಅಂತ ಕರೆಯುತ್ತಿದ್ದೇನೆ, ಕ್ಷಮಿಸು. ನಿನ್ನ ಹೆಸರು ನನ್ನ ಬಾಯಿಗೆ ಬರುವುದೇ ಇಲ್ಲ. ನಾನು ನಿಮ್ಮ ಮನೆಗೆ ಅಳಿಯನಾಗಿ ಬಂದಾಗ ನೀನು ಸ್ಪೋಕ್ ಕಡ್ಡಿಯ ಹಾಗೆ ಉದ್ದಕ್ಕೆ, ತೆಳ್ಳಗೆ ಇದ್ದೆ. ನಿಮ್ಮಕ್ಕ ಇಟ್ಟ ಹೆಸರು ಅದು. ಅವಳು ಹೋದ ಮೇಲೆ ಅದನ್ನು ಕರೆಯಲು ನಾನೊಬ್ಬನೇ ಉಳಿದಿದ್ದೇನೆ.

ಸೈಕಲ್ ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ದಿನಾ ಶಟರ್ ಎತ್ತುತ್ತೇನೆ, ಟ್ಯೂಬು ಮಾರುತ್ತೇನೆ, ಯಾರಾದರೂ ಬಂದರೆ ಗಾಳಿ ತುಂಬಿಸಿ ಕಳಿಸುತ್ತೇನೆ. ಇಷ್ಟು ವರ್ಷ ಈ ಅಂಗಡಿಯ ಮೇಲಿನ ಮನೆಯಲ್ಲೇ ಇದ್ದರೂ ಒಂದು ಪಂಕ್ಚರ್ ಹಾಕುವುದನ್ನು ನಾನು ಕಲಿಯಲಿಲ್ಲ. "ಭಾವಂಗೆ ಗಾಳಿ ಹೊಡೆಯೋದೊಂದು ಚೆನ್ನಾಗಿ ಬರುತ್ತೆ" ಅಂತ ನೀನು ಆಡಿಕೊಳ್ಳುತ್ತಿದ್ದೆ, ನಿಮ್ಮಕ್ಕ ನಟ್ಟು ಬಿಗಿಯುತ್ತಿದ್ದ ಪಾನಾ ಕೆಳಗಿಟ್ಟು ನಗುತ್ತಿದ್ದಳು. ನೀರಿನ ಬಿಲ್ಲಿನ ಆಫೀಸಿನಲ್ಲಿ ಮೂವತ್ತು ವರ್ಷ ಟೈಪು ಕುಟ್ಟಿದವನು ನಾನು. ಕಾಲೇಜಿನಲ್ಲಿ ಎರಡು ವರ್ಷ ಇಂಗ್ಲಿಷ್ ಓದಿದ್ದೆ, ಮೂರನೇ ವರ್ಷ ನಮ್ಮಪ್ಪನ ಹತ್ತಿರ ಫೀಸಿಗೆ ಇರಲಿಲ್ಲ. ಆ ಅರ್ಧಂಬರ್ಧ ಇಂಗ್ಲಿಷೇ ನಿಮ್ಮ ಮನೆಯಲ್ಲಿ ನನಗಿದ್ದ ಮರ್ಯಾದೆ. ಯಾವ ಫಾರಂ ಬಂದರೂ "ಭಾವಂಗೆ ಕೊಡು, ಭಾವ ನೋಡ್ಕೋತಾರೆ" ಅನ್ನುತ್ತಿದ್ದಿರಿ. ಇದೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಕತೆ ಶುರುವಾಗುವುದೇ ಅಲ್ಲಿಂದ.

ಮೊದಲು ಕಾರಣ ಹೇಳಿಬಿಡುತ್ತೇನೆ. ಧೈರ್ಯ ಬಂದು ಬರೆಯುತ್ತಿಲ್ಲ ಕಣೋ. ಸೋಮವಾರ ಸೈಕಲ್ ರೇಸಿನ ಆಫೀಸಿನಿಂದ ಒಂದು ದಪ್ಪ ಲಕೋಟೆ ಬಂತು, ನಿಮ್ಮಕ್ಕನ ಹೆಸರಿಗೆ. ರೇಸಿಗೆ ಇದು ಇಪ್ಪತ್ತೈದನೇ ವರ್ಷವಂತೆ. ಮೊದಲ ವರ್ಷ ಓಡಿಸಿದ ಜೋಡಿಗಳಿಗೆಲ್ಲ ಈ ಸಲ ಪ್ರವೇಶ ಪುಕ್ಕಟೆ, ಅವರವರ ಹಳೆಯ ನಂಬರನ್ನೇ ವಾಪಸು ಕೊಡುತ್ತಾರಂತೆ. ಜೋಡಿಯಲ್ಲಿ ಒಬ್ಬರು ಇಲ್ಲದಿದ್ದರೆ ಇನ್ನೊಬ್ಬರು ತಮಗೆ ಬೇಕಾದವರನ್ನು ಕರೆತರಬಹುದಂತೆ. ಚೆನ್ನಾಗಿಯೇ ಇದೆ. ಆದರೆ ಕೆಳಗೆ ಒಂದು ಸಾಲು ಇದೆ: ನಿನ್ನ, ನಿಮ್ಮಕ್ಕನ ಜೋಡಿಯ ಇಪ್ಪತ್ತಮೂರನೇ ನಂಬರು ಇಪ್ಪತ್ತನೇ ವರ್ಷದಲ್ಲಿ 'ಕರೆಸ್ಪಾಂಡೆಂಟ್ ಅವರ ಕೋರಿಕೆಯ ಮೇರೆಗೆ' ಬೇರೆಯವರಿಗೆ ವರ್ಗಾವಣೆ ಆಗಿತ್ತು, ಈಗ ಅದೂ ಮೂಲ ಜೋಡಿಗೇ ವಾಪಸು, ಆ ಪತ್ರದ ನಕಲು ಲಗತ್ತಿಸಿದೆ ಅಂತ. ನಕಲಿನಲ್ಲಿ ನನ್ನ ಟೈಪು, ಕೆಳಗೆ ನನ್ನ ಸಹಿ. ಜೋಡಿಯ ಇಬ್ಬರಿಗೂ ಬೇರೆ ಬೇರೆ ಕಳಿಸಿದ್ದಾರೆ. ನಿನ್ನದು ನಿನ್ನ ಹಳೆಯ ವಿಳಾಸಕ್ಕೆ ಹೋಗಿ ಅಲ್ಲಿಂದ ನಿನ್ನ ಈಗಿನ ಮನೆಗೆ ಬರಲು ಒಂದು ವಾರ ಬೇಕು. ಅಷ್ಟರಲ್ಲಿ ನನ್ನ ಕಾಗದ ನಿನ್ನ ಕೈ ಸೇರಲಿ ಅಂತ ಈ ಆತುರ. ಅವರ ಕಾಗದದಿಂದ ನಿನಗೆ ಗೊತ್ತಾಗುವುದಕ್ಕಿಂತ ನನ್ನ ಬಾಯಿಂದ ಗೊತ್ತಾಗಲಿ.

ಆ ಮೊದಲ ವರ್ಷ ನೆನಪಿದೆಯಾ? ಡ್ರಿಲ್ ಮೇಷ್ಟ್ರು ಪೀಪಿ ಊದಿಕೊಂಡು ಶುರು ಮಾಡಿದ ರೇಸು. ಬೆಟ್ಟದ ದಾರಿಯಲ್ಲಿ ಸೈಕಲ್ಲು, ಎಂಟು ದಿನ, ದಿನಕ್ಕೊಂದು ಹಂತ, ಇಬ್ಬಿಬ್ಬರ ಜೋಡಿ. ಪ್ರವೇಶಕ್ಕೆ ಎರಡು ಟೈರು, ಎರಡು ಟ್ಯೂಬಿನ ಬೆಲೆ. ಅಷ್ಟಕ್ಕೇ ನಿಮ್ಮಪ್ಪ, ಅಂದರೆ ಮಾವ, ಇದೇ ಕೌಂಟರಿನ ಹಿಂದೆ ಕೂತು ಗೊಣಗಿದ್ದರು. "ಬೀಳೋದಕ್ಕೆ ದುಡ್ಡು ಬೇರೆ ಕೊಡಬೇಕಾ? ನಮ್ಮ ಅಂಗಡಿ ಮುಂದಿನ ಗುಂಡೀಲಿ ಪುಕ್ಕಟೆ ಬೀಳಬಹುದಲ್ಲ!" ಮೂವತ್ತೊಂದು ಜೋಡಿ ಬಂದಿದ್ದರು. ನಂಬರನ್ನು ತಗಡಿನ ಮೇಲೆ ಬೋರ್ಡು ಬರೆಯುವವನ ಕೈಲಿ ಬರೆಸಿದ್ದರು, ನಿಮ್ಮ 'ಮೂರು' ಸ್ವಲ್ಪ ಸೊಟ್ಟಗಿತ್ತು. ಮಲಗುವುದು ಸ್ಕೂಲಿನ ಬೆಂಚುಗಳ ಮೇಲೆ, ಸ್ನಾನ ತೋಟಕ್ಕೆ ನೀರು ಬಿಡುವ ಪೈಪಿನಲ್ಲಿ, ಅಡುಗೆ ಮೇಷ್ಟ್ರ ಹೆಂಡತಿಯದು. ನಾನು ಬ್ಯಾಗು ಹೊರುವ ಲಾರಿಯ ಹಿಂದೆ ಕೂತು ಊರಿಂದೂರಿಗೆ ಬರುತ್ತಿದ್ದೆ. ಫಾರಂ ತುಂಬಿದ್ದು ನಾನು. ಅದರಲ್ಲಿ 'ಕರೆಸ್ಪಾಂಡೆಂಟ್' ಅಂತ ಒಂದು ಜಾಗ ಇತ್ತು, ಜೋಡಿಯ ಪರವಾಗಿ ಕಾಗದ ಪತ್ರ ನೋಡಿಕೊಳ್ಳುವವರು ಅಂತ ಅರ್ಥ. ಅಲ್ಲಿ ಠೀವಿಯಿಂದ ನನ್ನ ಹೆಸರು ಬರೆದೆ. ನೀವಿಬ್ಬರೂ ಓದದೆ ಸಹಿ ಹಾಕಿದಿರಿ.

ಜೋಡಿಯ ಇಬ್ಬರೂ ಕೊನೆಯ ಗೆರೆಯನ್ನು ಎರಡು ನಿಮಿಷದ ಒಳಗೆ ಒಬ್ಬರ ಹಿಂದೊಬ್ಬರು ದಾಟಬೇಕು, ಅದು ಆ ರೇಸಿನ ದೊಡ್ಡ ನಿಯಮ. ಒಬ್ಬರೇ ಮುಂದೆ ಹೋಗಿ ಗೆರೆ ದಾಟಿಬಿಟ್ಟರೆ ಒಂದು ಗಂಟೆ ದಂಡ. ಮೂರನೇ ದಿನ ಇಳಿಜಾರಿನಲ್ಲಿ ನಿನ್ನ ಚೈನು ತುಂಡಾಯಿತು. ಅವಳು ಮುಂದಿದ್ದಳು, ನೋಡಲಿಲ್ಲ. ಕೊನೆಯ ಗೆರೆಯ ಹತ್ತಿರ ಬಂದು ಹಿಂದೆ ತಿರುಗಿದರೆ ನೀನಿಲ್ಲ. ಗೆರೆಯಿಂದ ಒಂದು ಅಡಿ ಈಚೆಗೆ, ಸುಣ್ಣದ ಪುಡಿಗೆ ಚಕ್ರ ತಾಗದ ಹಾಗೆ, ಕಾಲೂರಿ ನಿಂತಳು. ಜೋಡಿಗಳು ಒಂದರ ಹಿಂದೆ ಒಂದು ಪಕ್ಕದಲ್ಲೇ ದಾಟಿ ಹೋದವು. ಜನ "ದಾಟಮ್ಮಾ, ದಾಟು!" ಅಂತ ಕಿರುಚಿದರು. ಮೇಷ್ಟ್ರು ಬಂದು ಹೇಳಿದರು, "ದಂಡದ ಮನೆ ಹಾಳಾಯ್ತು, ಈ ಬಿಸಿಲಲ್ಲಿ ಬೀಳ್ತೀಯ. ಆ ಕಡೆ ನೆರಳಿದೆ, ದಾಟಿ ಅಲ್ಲಿ ಕಾಯಮ್ಮ." ಅವಳು ಅಂದಳು, "ದಾಟಿದ ಮೇಲೆ ಕಾದ್ರೆ ಅದು ಕಾಯೋದಲ್ಲ ಮೇಷ್ಟ್ರೇ, ನೋಡ್ತಾ ನಿಲ್ಲೋದು."

ಹನ್ನೊಂದು ನಿಮಿಷ. ನನ್ನ ಗಡಿಯಾರದಲ್ಲಿ ನೋಡಿದ್ದೇನೆ. ಆಮೇಲೆ ನೀನು ಬಂದೆ, ಸೈಕಲ್ಲು ತಳ್ಳಿಕೊಂಡು ಓಡುತ್ತಾ, ತುಂಡಾದ ಚೈನನ್ನು ಕೊರಳಿಗೆ ಹಾಕಿಕೊಂಡು, ಮುಖವೆಲ್ಲ ಗ್ರೀಸು. "ಬಂದ್ರಾ ದೊರೆಗಳು?" ಅಂದಳು. ಇಬ್ಬರೂ ಒಟ್ಟಿಗೆ ದಾಟಿದಿರಿ. ಅವತ್ತಿನಿಂದ ಅದು ನಿಮ್ಮಿಬ್ಬರ ಅಭ್ಯಾಸವಾಯಿತು. ದಾರಿಯುದ್ದಕ್ಕೂ ಅವಳು ತಿರುವು ಸಿಕ್ಕಲ್ಲೆಲ್ಲ ನಿಂತವರನ್ನು ಕೇಳುತ್ತಿದ್ದಳಂತೆ, "ಹಿಂದೆ ಬರ್ತಿದ್ದಾನಾ?"

ಹದಿನಾಲ್ಕು ಸಲ ಓಡಿಸಿದಿರಿ. ಅಷ್ಟರಲ್ಲಿ ರೇಸು ಎಲ್ಲಿಂದ ಎಲ್ಲಿಗೆ ಹೋಯಿತು! ಐದನೇ ವರ್ಷಕ್ಕೆ ಪ್ರವೇಶದ ಬೆಲೆ ಒಂದು ಹೊಸ ಸೈಕಲ್ಲಿನಷ್ಟಾಯಿತು. ಹತ್ತನೇ ವರ್ಷಕ್ಕೆ ನನ್ನ ಒಂದು ತಿಂಗಳ ಸಂಬಳ. ಮೇಷ್ಟ್ರ ಮಂಡಿ ಸವೆದು ಅವರು ಅದನ್ನೊಂದು ಕಂಪನಿಗೆ ಕೊಟ್ಟರು. ಕಂಪನಿ ಬಂದ ಮೇಲೆ ಬಿಸಿನೀರಿನ ಲಾರಿ ಬಂತು, ಕಾಲು ತಿಕ್ಕುವವರು ಬಂದರು, ಮೇಲಿನಿಂದ ಫೋಟೋ ತೆಗೆಯಲು ಹೆಲಿಕಾಪ್ಟರ್ ಬಂತು. ಬಿಳಿ ಗುಡಾರಗಳ ಒಂದು ಊರೇ ಎಂಟು ದಿನ ಬೆಟ್ಟದಿಂದ ಬೆಟ್ಟಕ್ಕೆ ನಡೆಯುತ್ತಿತ್ತು. ಕಾರಿನ ಬೆಲೆಯ ಸೈಕಲ್ಲುಗಳು ಬಂದವು, ಎರಡು ಬೆರಳಲ್ಲಿ ಎತ್ತಬಹುದಾದಂಥವು. ಹದಿನೆಂಟನೇ ವರ್ಷದ ಹೊತ್ತಿಗೆ ದುಡ್ಡು ಇದ್ದರೂ ಜಾಗ ಸಿಗುತ್ತಿರಲಿಲ್ಲ, ಚೀಟಿ ಎತ್ತುತ್ತಿದ್ದರು. ಮೊದಲ ವರ್ಷದವರಿಗೆ ಮಾತ್ರ ಚೀಟಿಯ ಹಂಗಿಲ್ಲದೆ ನಂಬರು ಕಾಯಂ. ಫೀಸು ಮಾತ್ರ ಎಲ್ಲರಿಗೂ ಒಂದೇ.

ನಿಮ್ಮಕ್ಕ ಆ ಫೀಸನ್ನು ಹೇಗೆ ಕೂಡಿಸುತ್ತಿದ್ದಳು ಅಂತ ನಿನಗೆ ಗೊತ್ತು. ಬಿಸ್ಕತ್ತಿನ ಡಬ್ಬಿ. ಮೊದಮೊದಲು ದಿನದ ಮೊದಲ ಪಂಕ್ಚರ್ ರೇಸಿಗೆ. ಆಮೇಲೆ ಮೊದಲ ಮೂರು. ಕೊನೆಕೊನೆಗೆ ಮಧ್ಯಾಹ್ನದವರೆಗೆ ಬಂದದ್ದೆಲ್ಲ ರೇಸಿಗೆ, ಸಂಜೆ ಬಂದದ್ದು ಮನೆಗೆ. ನಾನು ಒಂದು ಸಲ ರೇಗಿದೆ. "ಕೆಸರಲ್ಲಿ ಬಿದ್ದು ಏಳೋದಕ್ಕೆ ನನ್ನ ಮೂರು ತಿಂಗಳ ಸಂಬಳ! ಏನು ಸಿಗುತ್ತೆ ನಿನಗೆ ಅಲ್ಲಿ?" ಅವಳು ಒಂದು ರಿಮ್ಮಿನ ಬೆಂಡು ತೆಗೆಯುತ್ತಿದ್ದಳು. ಚಕ್ರವನ್ನು ತಿರುಗಿಸಿ, ಅದು ನಿಲ್ಲುವವರೆಗೆ ನೋಡಿ ಹೇಳಿದಳು. "ವರ್ಷವೆಲ್ಲ ಬೇರೆಯವರ ಸೈಕಲ್ ರಿಪೇರಿ ಮಾಡಿ ಬೇರೆಯವರನ್ನ ಹತ್ತಿಸಿ ಕಳಿಸ್ತೀನಿ. ಈ ಎಂಟು ದಿನ ಮಾತ್ರ ನಾನು ಹತ್ತಿ ಹೋಗೋದು. ಅದರ ಬೆಲೆ ಎಷ್ಟಾದ್ರೂ ನನಗೆ ಜಾಸ್ತಿ ಅನ್ಸಲ್ಲ." ನಾನು ಮಾತು ಅಲ್ಲಿಗೇ ಬಿಟ್ಟು ಊಟಕ್ಕೆ ಕೂತೆ. ಮಾತು ಅರ್ಥವಾಗಿ ಅಲ್ಲ, ಅನ್ನ ಆರುತ್ತಿತ್ತು ಅಂತ.

ಈಗ ಇಪ್ಪತ್ತನೇ ವರ್ಷಕ್ಕೆ ಬರುತ್ತೇನೆ. ಇಲ್ಲಿಗೆ ಬರುವುದು ಬೇಡ ಅಂತಲೇ ಇಷ್ಟು ಸುತ್ತಾಡಿದೆ ಅನ್ನಿಸುತ್ತದೆ.

ರೇಸಿಗೆ ಮೂರು ತಿಂಗಳು ಇತ್ತು. ಫೀಸು ಕಟ್ಟಿ ಆಗಿತ್ತು, ನನ್ನ ಆರು ತಿಂಗಳ ಸಂಬಳದಷ್ಟು, ನಿನ್ನ ಅರ್ಧ, ಡಬ್ಬಿಯ ಅರ್ಧ. ಅವಳಿಗೆ ಹೊಟ್ಟೆಯಲ್ಲಿ ಗಂಟು ಸಿಕ್ಕಿತು. ಡಾಕ್ಟರು ಕೂಡಲೇ ಆಪರೇಷನ್ ಆಗಬೇಕು ಅಂದರು. ಇವಳು ಮೇಜಿನ ಮೇಲೆ ಮೊಣಕೈ ಊರಿ ಕೇಳಿದಳು, "ಮೂರು ತಿಂಗಳು ತಡ್ಕೊಳ್ಳಿ ಡಾಕ್ಟ್ರೇ, ರೇಸ್ ಮುಗಿಸಿ ಬಂದು ನಾನೇ ಮಲಗ್ತೀನಿ." ಡಾಕ್ಟರು ನನ್ನ ಮುಖ ನೋಡಿದರು. ಮನೆಗೆ ಬಂದ ಮೇಲೆ ನನ್ನ ಹತ್ತಿರ ಮಾತು ತೆಗೆದುಕೊಂಡಳು: "ಕಡ್ಡಿಗೆ ಹೇಳಬೇಡಿ. ಗೊತ್ತಾದ್ರೆ ಅವನು ನನ್ನ ಜೊತೆ ಗಾಡಿ ಹತ್ತಲ್ಲ."

ಆ ವಾರವೇ ಟೈಲ್ಸ್ ಯಜಮಾನ ಅಂಗಡಿಗೆ ಬಂದ. ಮುಖ್ಯರಸ್ತೆಯಲ್ಲಿ ಟೈಲ್ಸ್ ಶೋರೂಮು ಇದೆಯಲ್ಲ, ಅವನು. ಅವನ ಕಾರಿನ ಬೆಲೆಯ ಸೈಕಲ್ಲಿನ ಗೇರು ಜಾರುತ್ತಿತ್ತು. ಎರಡು ಪೇಟೆ ಸುತ್ತಿ ಬಂದಿದ್ದನಂತೆ. ಇವಳು ಹತ್ತು ನಿಮಿಷದಲ್ಲಿ ಸರಿ ಮಾಡಿದಳು. ಗೋಡೆಯ ಮೇಲಿನ ತಗಡಿನ ನಂಬರು ನೋಡಿ ಅವನ ಕಣ್ಣು ಅಗಲವಾಯಿತು. ಮೂರು ವರ್ಷದಿಂದ ಚೀಟಿಯಲ್ಲಿ ಹೆಸರು ಬಂದಿಲ್ಲವಂತೆ. ಅವಳು ಒಳಗೆ ಕೈ ತೊಳೆಯಲು ಹೋದಾಗ ನನ್ನ ಕಿವಿಯ ಹತ್ತಿರ ಬಂದು, "ಕೊಡೋದಾದ್ರೆ ಹೇಳಿ ಸಾರ್" ಅಂತ ಒಂದು ಮೊತ್ತ ಹೇಳಿದ. ಆಪರೇಷನ್ನಿಗೆ ಆಸ್ಪತ್ರೆಯವರು ಹೇಳಿದ್ದಕ್ಕೆ ಸಾಕಾಗಿ, ಆಮೇಲಿನ ಔಷಧಿಗೂ ಮಿಗುತ್ತಿತ್ತು. ಎರಡು ಟೈರು ಎರಡು ಟ್ಯೂಬಿಗೆ ತಗೊಂಡ ನಂಬರು!

ಅವಳ ಹತ್ತಿರ ಕೇಳಬಹುದಿತ್ತು. ನಿನ್ನ ಹತ್ತಿರ ಕೇಳಬಹುದಿತ್ತು. ಕೇಳಿದರೆ ಅವಳು ಬೇಡ ಅನ್ನುತ್ತಾಳೆ, ಎಂಟು ದಿನ ಬೆಟ್ಟ ಹತ್ತುತ್ತಾಳೆ, ಅಲ್ಲೇ ಎಲ್ಲೋ ಕುಸಿಯುತ್ತಾಳೆ ಅನ್ನುವ ಭಯ. ಕರೆಸ್ಪಾಂಡೆಂಟಿನ ಒಂದು ಸಹಿ ಸಾಕಿತ್ತು. ಆಫೀಸಿನ ಟೈಪ್‌ರೈಟರಿನಲ್ಲಿ ಕುಟ್ಟಿದೆ, 'ಐ ಬೆಗ್ ಟು ಸ್ಟೇಟ್ ದಟ್' ಅಂತ. 'ಅನ್‌ಅವಾಯ್ಡಬಲ್ ಸರ್ಕಮ್‌ಸ್ಟಾನ್ಸಸ್' ಅಂತ. ಇಬ್ಬರೂ 'ಮ್ಯೂಚುಯಲ್ ಕನ್ಸೆಂಟ್'ನಿಂದ ಬಿಟ್ಟುಕೊಡುತ್ತಿದ್ದಾರೆ ಅಂತ. ಒಂದು ಕಾಗುಣಿತದ ತಪ್ಪಿಲ್ಲ. ಕಾಲೇಜು ಬಿಟ್ಟ ಮೇಲೆ ನಾನು ಬರೆದ ಅತ್ಯಂತ ಶುದ್ಧವಾದ ಇಂಗ್ಲಿಷು ಅದೇ ಇರಬೇಕು. ನಕಲನ್ನು ನೋಡಿದಾಗ ಮೊದಲು ನನಗೆ ಅನ್ನಿಸಿದ್ದೂ ಅದೇ, ಎಷ್ಟು ಚೊಕ್ಕವಾಗಿದೆ ಅಂತ. ಮನುಷ್ಯನ ಬುದ್ಧಿ ನೋಡು.

ಆಮೇಲೆ ಇಬ್ಬರಿಗೂ ಏನಾದರೂ ಹೇಳಬೇಕಲ್ಲ. ಅವಳಿಗೆ ಹೇಳಿದೆ: ಕಡ್ಡಿ ಮನೆ ಕಟ್ಟುತ್ತಿದ್ದಾನಲ್ಲ, ದುಡ್ಡು ಸಾಲದಂತೆ, ನಂಬರು ಮಾರಿಬಿಡು ಅಂತ ನನ್ನ ಹತ್ತಿರ ಕೇಳಿದ, ನಿನಗೆ ಹೇಳಲು ಮುಖವಿಲ್ಲ ಅಂದ. ಆಪರೇಷನ್ನಿನ ದುಡ್ಡು ಎಲ್ಲಿಂದ ಅಂದದ್ದಕ್ಕೆ ಆಫೀಸಿನ ಸಾಲ ಅಂದೆ. ರೇಸಿನ ಆಫೀಸಿನ ಸಂದೇಶ ನೋಡಿ ನೀನು ಫೋನ್ ಮಾಡಿದೆ. ಎತ್ತಿದ್ದು ನಾನು. "ಏನ್ ಭಾವ ಇದು? ಅಕ್ಕ ನನ್ನ ಒಂದು ಮಾತು ಕೇಳದೆ ಮಾರಿಬಿಟ್ಟಳಾ?" ನಾನು ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ: "ನಿಮ್ಮಕ್ಕಂದೇ ತೀರ್ಮಾನ ಕಣೋ. ಸಾಕಾಯ್ತಂತೆ. ಈಗ ಮಾತಾಡೋ ಮನಸ್ಸಿಲ್ಲ ಅವಳಿಗೆ." ನೀನು ಫೋನ್ ಇಟ್ಟುಬಿಟ್ಟೆ. ನಿನ್ನ ಪಾಲು ಸಹ ಕೇಳಲಿಲ್ಲ.

ಎದುರಿಗೆ ಇಲ್ಲದವರ ಮೇಲೆ ಹಾಕುವುದು ಬಹಳ ಸುಲಭ. ಇಬ್ಬರೂ ನನಗೆ ಎದುರಿಗೆ ಸಿಗುತ್ತಿದ್ದಿರಿ, ಆದರೆ ಒಬ್ಬೊಬ್ಬರಾಗಿ. ಒಂದು ವಾರ ಹೋಗಲಿ, ಆಪರೇಷನ್ ಮುಗಿಯಲಿ, ಕೂರಿಸಿಕೊಂಡು ನಿಜ ಹೇಳಿ ಬೈಸಿಕೊಂಡರಾಯಿತು ಅಂದುಕೊಂಡಿದ್ದೆ. ಅವಳು ಆಪರೇಷನ್ ಆಗಿ ಮನೆಗೆ ಬಂದಳು. ಹಾಸಿಗೆಯ ಮೇಲೆ ಕೂತು ಅಂದಳು, "ಕೇಳಿದ್ರೆ ನಾನೇ ಕೊಡ್ತಿರಲಿಲ್ವಾ? ನನ್ನ ಹತ್ರ ಕೇಳೋಕೆ ಅವನಿಗೆ ನಾಚಿಕೆ ಅಂತೆ. ನನ್ನ ಹತ್ರ!" ಅವತ್ತು ಅವಳು ಅತ್ತಳು. ಗಂಟು ಅಂದಾಗ ಅತ್ತವಳಲ್ಲ. ಆ ಅಳುವನ್ನು ಎದುರಿಗೆ ನೋಡಿದ ಮೇಲೆ ನಿಜ ಹೇಳುವುದು ಇನ್ನೂ ಕಷ್ಟವಾಯಿತು. ದಿನ ಹೋದಂತೆ ಸುಳ್ಳಿನ ಬೆಲೆಯೂ ಏರುತ್ತಾ ಹೋಯಿತು. ಮೊದಲ ವಾರ ಒಂದು ಬೈಗುಳಕ್ಕೆ ತೀರುತ್ತಿದ್ದದ್ದು.

ನೀವಿಬ್ಬರೂ ಒಂದೇ ಅಪ್ಪನ ಮಕ್ಕಳು, ಹಟದಲ್ಲಿ ಒಬ್ಬರನ್ನು ಮೀರಿಸಿ ಒಬ್ಬರು. ಅವಳು ಫೋನಿನಲ್ಲಿ ನಿನ್ನ ನಂಬರು ಒತ್ತಿ, ಹಸಿರು ಗುಂಡಿಯ ಮೇಲೆ ಬೆರಳಿಟ್ಟು, ತೆಗೆದುಬಿಡುತ್ತಿದ್ದಳು. "ಅವನಾಗೇ ಬರಲಿ. ಹುಷಾರಿಲ್ಲ ಅಂತ ಕೇಳಿ ಅಯ್ಯೋ ಪಾಪ ಅಂತ ಬರೋನು ನನಗೆ ಬೇಡ. ಹೇಳಿದ್ರೆ ನೋಡಿ ಮತ್ತೆ!"

ಆಮೇಲೆ ನೀನು ಬಂದೆ. ಒಂದು ಬುಧವಾರ ಬೆಳಿಗ್ಗೆ. ಎದುರುಗಡೆ ಟೀ ಅಂಗಡಿಯ ಕಂಬಕ್ಕೆ ಒರಗಿ ನಿಂತೆ, ಕೈಯಲ್ಲಿ ಲೋಟ. ಅವಳು ಇಲ್ಲಿ ಕೆಲಸ ಮಾಡುತ್ತಿದ್ದಳು, ಔಷಧಿಗೆ ಕೂದಲು ಉದುರಿದ ತಲೆಯ ಮೇಲೆ ಮಾವನ ಹಳೆಯ ಉಲ್ಲನ್ ಟೋಪಿ. ನಾನು ಮೇಲಿನ ಮನೆಯ ಕಿಟಕಿಯಲ್ಲಿದ್ದೆ. ನಡುವೆ ಒಂದು ರಸ್ತೆ, ಅಷ್ಟೇ. ನಿನ್ನ ಟೀ ಮುಗಿದು ಬಹಳ ಹೊತ್ತಾಗಿದ್ದರೂ ಖಾಲಿ ಲೋಟ ಹಿಡಿದೇ ನಿಂತಿದ್ದೆ. ಅವಳು ತಲೆ ಎತ್ತಲಿಲ್ಲ, ಆದರೆ ಒಂದೇ ಚಕ್ರವನ್ನು ಇಪ್ಪತ್ತು ನಿಮಿಷ ತಿರುಗಿಸುತ್ತಾ ಕೂತಳು. ಅದು ಮೊದಲೇ ನೇರವಾಗಿತ್ತು. ನಾನು ಕಿಟಕಿಯಿಂದ "ಬಾರೋ ಒಳಗೆ!" ಅಂತ ಒಂದು ಕೂಗು ಹಾಕಿದ್ದರೆ ಸಾಕಿತ್ತು ಕಡ್ಡಿ. ಕೂಗಲಿಲ್ಲ. ನೀನು ಒಳಗೆ ಬಂದರೆ ಎರಡನೇ ಮಾತಿಗೆ ನನ್ನ ಸುಳ್ಳು ಹೊರಬೀಳುತ್ತಿತ್ತು. ನೀನು ಲೋಟ ಇಟ್ಟು ಬಸ್‌ಸ್ಟ್ಯಾಂಡಿನ ಕಡೆ ಹೋದೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಅವಳು ಅಂದಳು, "ಕಡ್ಡಿ ಬಂದಿದ್ದ. ಕಡ್ಡಿ ಅಲ್ಲ ಇನ್ಮೇಲೆ, ದಪ್ಪ ಆಗಿದ್ದಾನೆ. ಆ ಹಳೇ ಚಕ್ರ ಅವನ ಭಾರ ತಡೆಯಲ್ಲ." ಇಷ್ಟೇ. ಅದರ ಮಾರನೇ ದಿನ ಅವಳು ಎರಡು ಹೊಸ ರಿಮ್ಮು ತರಿಸಿದಳು. ನಿನಗೆ ಗೊತ್ತಲ್ಲ, ನಿಮ್ಮ ಇಬ್ಬರ ಸೈಕಲ್ಲಿಗೂ ಯಾವಾಗಲೂ ಮೂವತ್ತೆರಡು ಕಡ್ಡಿಯ ಚಕ್ರ. ಈ ಸಲ ಮೂವತ್ತಾರು ಕಡ್ಡಿಯದು ಕಟ್ಟಿದಳು. ಔಷಧಿಯ ಸುಸ್ತಿಗೆ ದಿನಕ್ಕೆ ನಾಲ್ಕೈದು ಕಡ್ಡಿಗಿಂತ ಹೆಚ್ಚು ಆಗುತ್ತಿರಲಿಲ್ಲ. ಕಟ್ಟಿ, ಮತ್ತೆ ಬಿಚ್ಚಿ, ಮತ್ತೆ ಕಟ್ಟಿದಳು. ಎರಡಕ್ಕೆ ಒಂದು ತಿಂಗಳು ಹಿಡಿಯಿತು. ಒಂದು ರಟ್ಟಿನ ಚೂರಿಗೆ ದಾರ ಕಟ್ಟಿ ಮೇಲಿನ ಕೊಕ್ಕೆಗೆ ತೂಗುಹಾಕಿದಳು. ಅದರ ಮೇಲೆ ಬರೆದಿದ್ದಾಳೆ: 'ಕಡ್ಡಿ. ಈಗಿನ ತೂಕಕ್ಕೆ.'

ಆ ವರ್ಷದ ರೇಸಿನ ಒಂದು ಫೋಟೋ ಟೈಲ್ಸ್ ಯಜಮಾನ ನನಗೆ ಕೊಟ್ಟಿದ್ದ. ಎದೆಯ ಮೇಲೆ ಇಪ್ಪತ್ತಮೂರು, ಮುಖದ ತುಂಬ ಕೆಸರು, ಅಳುತ್ತಿದ್ದಾನೆ. "ಕೊಟ್ಟ ಒಂದೊಂದು ಕಾಸಿಗೂ ಬೆಲೆ ಬಂತು ಸಾರ್, ಹುಟ್ಟಿದ್ದಕ್ಕೂ ಬಂತು" ಅಂದ. ಅವನು ಕೆಟ್ಟವನಲ್ಲ. ಆ ಫೋಟೋ ನೋಡಿದ ದಿನ ನನಗೆ ಅವಳ ಮಾತು ಅರ್ಥವಾಯಿತು, ಅನ್ನ ಆರುತ್ತದೆ ಅಂತ ಬಿಟ್ಟ ಮಾತು. ಫೋಟೋವನ್ನು ಬಟ್ಟೆಗಳ ಕೆಳಗೆ ಮುಚ್ಚಿಟ್ಟೆ.

ಆಪರೇಷನ್ ಅವಳಿಗೆ ಹದಿನಾಲ್ಕು ತಿಂಗಳು ಕೊಟ್ಟಿತು. ಅದನ್ನು ನಾನು ಕೊಡಿಸಿದೆ ಅಂತ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆ ಹದಿನಾಲ್ಕು ತಿಂಗಳು ತಮ್ಮ ಇಲ್ಲದ ಹದಿನಾಲ್ಕು ತಿಂಗಳು ಅನ್ನುವುದನ್ನೂ ಹೇಳಿಕೊಳ್ಳಬೇಕು ತಾನೇ. ಬರೀ ಎಂಟು ದಿನ, ಆದರೆ ನಿನ್ನ ಜೊತೆ ಬೆಟ್ಟದಲ್ಲಿ. ಇಲ್ಲಾ ಹದಿನಾಲ್ಕು ತಿಂಗಳು ನೀನಿಲ್ಲದೆ ಅಂಗಡಿಯಲ್ಲಿ. ಯಾವುದು ಬೇಕು ಅಂತ ಅವಳನ್ನು ಕೇಳಿದ್ದರೆ ಏನು ಹೇಳುತ್ತಿದ್ದಳೋ. ಎರಡೂ ಒಟ್ಟಿಗೆ ಸಿಗುತ್ತಿತ್ತೋ ಏನೋ. ನೀನು ಎದುರಿಗೆ ಕೂತು "ಆಪರೇಷನ್ ಮಾಡಿಸ್ಕೋ ಅಕ್ಕ, ನಂಬರು ಎಲ್ಲೋಗತ್ತೆ" ಅಂದಿದ್ದರೆ ಅವಳು ಕೇಳುತ್ತಿದ್ದಳು. ನನಗೆ ಈ ಯೋಚನೆ ಬಂದದ್ದು ಅವಳು ಹೋಗಿ ಒಂದು ವರ್ಷವಾದ ಮೇಲೆ, ಶಟರ್ ಎತ್ತುತ್ತಾ. ಎತ್ತಿದ ಶಟರನ್ನು ಮತ್ತೆ ಇಳಿಸಿ ಮೇಲೆ ಹೋಗಿ ಮಲಗಿದೆ.

ಇನ್ನು ಒಂದು ಉಳಿದಿದೆ. ಇದನ್ನು ಹೇಳುವುದಕ್ಕೇ ಮೇಲಿನದೆಲ್ಲ ಬರೆದದ್ದು.

ಕೊನೆಯ ಸಲ ಆಸ್ಪತ್ರೆಗೆ ಸೇರಿಸಿದಾಗ ಡಾಕ್ಟರು ನನ್ನನ್ನು ಹೊರಗೆ ಕರೆದು, ಬರಬೇಕಾದವರಿಗೆ ಹೇಳಿಬಿಡಿ ಅಂದರು. ಗುರುವಾರ ಬೆಳಿಗ್ಗೆ ಹತ್ತು ಗಂಟೆ. ಅವಳು ಹೋದದ್ದು ಶುಕ್ರವಾರ ಮಧ್ಯಾಹ್ನ. ನಿನ್ನ ಊರು ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಒಂದೂಕಾಲು ದಿನ ಇತ್ತು ಕಡ್ಡಿ. ನಾನು ಫೋನ್ ಮಾಡಲಿಲ್ಲ. ಕೈಯಲ್ಲಿ ಫೋನ್ ಹಿಡಿದೇ ಆ ಬೆಂಚಿನ ಮೇಲೆ ಕೂತಿದ್ದೆ. ನೀನು ಬರುತ್ತೀಯ, ಅವಳು ಕಣ್ಣು ಬಿಡುತ್ತಾಳೆ, ಒಂದು ಮಾತು ಆಡುತ್ತೀರಿ, ಅವಳು ನನ್ನ ಕಡೆ ತಿರುಗಿ ನೋಡುತ್ತಾಳೆ. ಆ ನೋಟಕ್ಕೆ ಹೆದರಿದೆ. ಇಪ್ಪತ್ತೇಳು ವರ್ಷ ಸಂಸಾರ ಮಾಡಿ ಕೊನೆಯ ನೋಟ ಅದಾಗಬಾರದು ಅಂತ.

ಶುಕ್ರವಾರ ಬೆಳಿಗ್ಗೆ ಅವಳಿಗೆ ಒಂದಿಷ್ಟು ಎಚ್ಚರ ಬಂತು. ಕಣ್ಣು ಕಿಟಕಿಯ ಕಡೆ ಇತ್ತು, ನಾನು ಯಾರು ಅಂತ ಗೊತ್ತಿತ್ತೋ ಇಲ್ಲವೋ. ದಾರಿಯ ಪಕ್ಕ ನಿಂತ ಯಾರನ್ನೋ ಕೇಳುವ ಹಾಗೆ ಕೇಳಿದಳು, "ಹಿಂದೆ ಬರ್ತಿದ್ದಾನಾ?"

"ಬರ್ತಿದ್ದಾನೆ" ಅಂದೆ.

"ಹಾಂ" ಅಂದಳು. ಮತ್ತೆ ಮಾತಾಡಲಿಲ್ಲ.

ಅವಳನ್ನು ಕಳಿಸಿಕೊಟ್ಟ ದಿನ ನೀನು ಸ್ಮಶಾನದ ಗೇಟಿನ ಹತ್ತಿರ ನನ್ನ ತೋಳು ಹಿಡಿದು ಕೇಳಿದೆ, "ಯಾಕೆ ಭಾವ ನನಗೆ ಹೇಳಲಿಲ್ಲ?" ನಾನು, ಅವಳೇ ಬೇಡ ಅಂದಿದ್ದಳು ಅಂದೆ. ನಿಜವಾದ ಮಾತನ್ನೇ ಸುಳ್ಳಿನ ಕೆಲಸಕ್ಕೆ ಹಚ್ಚಿದೆ. "ನನ್ನ ಬಗ್ಗೆ ಏನಾದ್ರೂ ಕೇಳಿದಳಾ?" ಅಂದೆ ನೀನು. ಇಲ್ಲ, ಎಚ್ಚರ ಇರಲಿಲ್ಲ ಅಂದೆ. ನಿನ್ನ ಕೈ ನನ್ನ ತೋಳಿನಿಂದ ಜಾರಿದ್ದು ಇವತ್ತಿಗೂ ಗೊತ್ತಾಗುತ್ತದೆ. ನಾಲ್ಕು ವರ್ಷ ಆಗುತ್ತಾ ಬಂತು. ಈ ನಾಲ್ಕು ವರ್ಷ ನೀನು, ಅಕ್ಕ ನನ್ನ ಮೇಲೆ ಕೋಪ ಇಟ್ಟುಕೊಂಡೇ ಹೋದಳು ಅಂತ ತಿಳಿದು ಬದುಕಿದ್ದೀಯ. ಇಲ್ಲಪ್ಪಾ. ಅವಳು ನಿನ್ನನ್ನೇ ಕೇಳಿದಳು. ಬೇರೆ ಯಾರನ್ನೂ ಕೇಳಲಿಲ್ಲ, ನನ್ನನ್ನೂ.

ಕ್ಷಮಿಸು ಅಂತ ಬರೆಯಲು ಹೋದರೆ ಪೆನ್ನು 'ಐ ಬೆಗ್' ಅಂತಲೇ ಹೋಗುತ್ತದೆ, ಆಫೀಸಿನ ಅಭ್ಯಾಸ. ಅದು ಬೇಡ. ನೀನು ಬಂದು ಬೈಯಬೇಕಾದರೆ ಬಾ, ಬೆಳಿಗ್ಗೆ ಒಂಬತ್ತರಿಂದ ಅಂಗಡಿಯಲ್ಲೇ ಇರುತ್ತೇನೆ. ಬರದಿದ್ದರೂ ಅದು ನನಗೆ ತಕ್ಕದ್ದೇ.

ಚಕ್ರಗಳನ್ನು ನಾಳೆ ಬೆಳಗಿನ ಬಸ್ಸಿಗೆ ಹಾಕುತ್ತೇನೆ, ಗೋಣಿ ಸುತ್ತಿ, ಒಂದರ ಮೇಲೆ ಒಂದು ಒತ್ತದ ಹಾಗೆ ನಡುವೆ ರಟ್ಟು ಇಟ್ಟು. ರಟ್ಟಿನ ಚೀಟಿ ಬಿಚ್ಚಿಲ್ಲ, ಅದು ಅವಳು ಕಟ್ಟಿದ ಗಂಟು. ಎಷ್ಟೋ ಜನ ಕೇಳಿದರು, ಕೊಡಲಿಲ್ಲ. ಧೂಳು ಒರೆಸುವುದನ್ನು ಬಿಟ್ಟರೆ ಮುಟ್ಟಿಲ್ಲ. ಮೊನ್ನೆ ಸ್ಟ್ಯಾಂಡಿಗೆ ಹಾಕಿ ತಿರುಗಿಸಿದೆ. ಬಹಳ ಹೊತ್ತು ತಿರುಗಿತು, ಒಂದು ಕೂದಲಷ್ಟೂ ಅಲುಗಲಿಲ್ಲ.

ರೇಸಿಗೆ ಹೋಗುತ್ತೀಯೋ ಇಲ್ಲವೋ ನಿನ್ನಿಷ್ಟ. ಪ್ರವೇಶದ ಬೆಲೆ ಈಗ ಎಷ್ಟಾಗಿದೆ ಅಂತ ಆ ಲಕೋಟೆಯಲ್ಲಿ ಅಚ್ಚು ಹಾಕಿದ್ದಾರೆ, ನಾನು ಕೆಲಸದಲ್ಲಿದ್ದಾಗಿನ ಒಂದು ವರ್ಷದ ಸಂಬಳ. ಪುಕ್ಕಟೆ ಕೊಡುತ್ತಿದ್ದೇವೆ ಅಂತ ತಿಳಿಸಲು ಹಾಕಿರಬೇಕು. ನಿನ್ನ ಮಗಳು ಸೈಕಲ್ಲು ಹೊಡೆಯುತ್ತಾಳಂತಲ್ಲ, ಅವಳನ್ನು ಜೊತೆಗೆ ಕರೆದುಕೋ. ಹೋದರೆ ಆ ಚಕ್ರಗಳ ಮೇಲೆ ಹೋಗು. ಈ ಸಲ ಫಾರಂ ನೀನೇ ಓದಿ ಸಹಿ ಹಾಕು.

ಆಶೀರ್ವಾದ ಕೊನೆಗೆ ಇಟ್ಟುಕೊಂಡಿದ್ದೇನೆ ಅಂದಿದ್ದೆ. ಬೇಕಾದರೆ ತಗೋ, ಬೇಡದಿದ್ದರೆ ಇದೊಂದು ತುದಿ ಹರಿದು ಬಿಸಾಡು. ನೀನು ಹಿಂದೆ ಬರುತ್ತಿದ್ದೀಯ ಅಂತ ಅವಳಿಗೆ ಹೇಳಿಬಿಟ್ಟಿದ್ದೇನೆ, ಆ ಮಾತನ್ನು ಈಗ ವಾಪಸು ತಗೊಳ್ಳಲು ಆಗುವುದಿಲ್ಲ. ಅವಳು ಗೆರೆಯಿಂದ ಒಂದು ಅಡಿ ಈಚೆಗೆ ಕಾಲೂರಿ ನಿಂತಿರುತ್ತಾಳೆ, ಅದು ನಿನಗೂ ಗೊತ್ತು. ಆದರೆ ಅಲ್ಲಿ ಎರಡು ನಿಮಿಷದ ನಿಯಮ ಇರಲಿಕ್ಕಿಲ್ಲ ಕಣೋ. ನೀನು ನಿಧಾನವಾಗಿ ಬಾ. ಮಗಳ ಮದುವೆ ಮಾಡು, ಮೊಮ್ಮಕ್ಕಳಿಗೆ ಸೈಕಲ್ಲು ಕಲಿಸು, ಇನ್ನಷ್ಟು ದಪ್ಪ ಆಗು. ಮೂವತ್ತಾರು ಕಡ್ಡಿ ತಡೆಯುತ್ತದೆ. ತುಂಬ, ತುಂಬ ನಿಧಾನವಾಗಿ ಬಾ.

ಇಂತಿ,
ಗಾಳಿ ಹೊಡೆಯುವುದೊಂದು ಬರುವ
ನಿನ್ನ ಭಾವ